ಸೊನ್ನೆಯಕ್ಕ ತೆಗೆದ ಸಾಲುಗಳು

ಪ್ರೆಸ್ಸಿನಲ್ಲಿ ಅವಳಿಗೆ ಸೊನ್ನೆಯಕ್ಕ ಎಂದು ಹೆಸರು ಬಿದ್ದದ್ದು ಒಂದೇ ಒಂದು ಸೊನ್ನೆಯ ದೆಸೆಯಿಂದ. ಯಾರೋ ದೊಡ್ಡ ಮನುಷ್ಯರ ಜೀವನಚರಿತ್ರೆ ಅಚ್ಚಿಗೆ ಹೋಗುತ್ತಿತ್ತು. ಕೊನೆಯ ಪುಟದಲ್ಲಿ ‘ಹೀಗೆ ಅವರ ಬದುಕು ದಡ ಸೇರಿತು’ ಎಂದಿರಬೇಕಾದ ಕಡೆ ‘ಹೀಗೆ ಅವರ ಬದುಕು ದಂಡ ಸೇರಿತು’ ಎಂದು ಕೂತಿತ್ತು. ಮೂವರು ನೋಡಿ ಸಹಿ ಹಾಕಿದ್ದ ಹಾಳೆ ಅದು. ಯಂತ್ರ ತಿರುಗುವ ಹೊತ್ತಿಗೆ ಕರಡು ತಿದ್ದುವ ಕೋಣೆಯಿಂದ ಅವಳು ಓಡಿಬಂದು, “ನಿಲ್ಸಿ, ಒಂದು ಸೊನ್ನೆ ಜಾಸ್ತಿಯಾಗಿದೆ” ಎಂದು ಕೂಗಿದಳು.

“ಒಂದ್ ಸೊನ್ನೆಗೆ ಇಷ್ಟು ಓಡೋದಾ?” ಎಂದ ಯಂತ್ರದವನು, ಸಾಲು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ. ಸಂಜೆಯೊಳಗೆ ಹೆಸರು ಪ್ರೆಸ್ಸಿನ ತುಂಬ ಹಬ್ಬಿತ್ತು.

ಆ ಕೋಣೆಯಲ್ಲಿ ಅವಳು ಇಪ್ಪತ್ತಾರು ವರ್ಷ ಕೂತಳು. ಉದ್ದನೆಯ ಮೇಜು, ತಲೆಯ ಮೇಲೆ ಎರಡು ಟ್ಯೂಬ್‌ಲೈಟು, ಎದುರಿಗೆ ಮೂಲಪ್ರತಿಯನ್ನು ಗಟ್ಟಿಯಾಗಿ ಓದಿ ಹೇಳುವ ಒಬ್ಬ ಹೆಂಗಸು. ಆಕೆ ಓದುವುದು, ಇವಳು ಕರಡಿನ ಮೇಲೆ ಪೆನ್ಸಿಲ್ ಆಡಿಸುತ್ತ ಹೋಗುವುದು. ಮದುವೆಯ ಮಾತು ಎರಡು ಸಲ ಬಂತು, ಎರಡು ಸಲವೂ ಬಂದ ದಾರಿಯಲ್ಲೇ ವಾಪಸು ಹೋಯಿತು. ಮೂರನೆಯ ಸಲ ಬರಲಿಲ್ಲ. ಕಂಪ್ಯೂಟರುಗಳು ಬಂದ ಮೇಲೆ ಮೊದಲು ಓದುವ ಹೆಂಗಸು ಹೋದಳು, ಆಮೇಲೆ ಕರಡಿನ ಕೋಣೆಯೇ ಹೋಯಿತು. ಇವಳನ್ನು ಪುಟ ಜೋಡಿಸುವ ಕಂಪ್ಯೂಟರುಗಳ ಪಕ್ಕ ಒಂದು ಕುರ್ಚಿ ಹಾಕಿ ಕೂರಿಸಿದರು.

ಅಲ್ಲಿನ ಯಂತ್ರಗಳಲ್ಲಿ ಇದ್ದದ್ದು ಮುಕ್ತ ತಂತ್ರಾಂಶ. ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಲೋಕಕ್ಕೆಲ್ಲ ಹಂಚಬಹುದು. ಅವುಗಳನ್ನು ನೋಡಿಕೊಳ್ಳಲು ವಾರಕ್ಕೊಮ್ಮೆ ಒಬ್ಬ ರಿಪೇರಿಯವನು ಬರುತ್ತಿದ್ದ. ನಲವತ್ತರ ಆಸುಪಾಸಿನ, ಸದಾ ಅವಸರದ ಮನುಷ್ಯ. ಒಂದು ದಿನ ಅವನು ತಲೆಯ ಮೇಲೆ ಕೈಹೊತ್ತು ಕೂತಿದ್ದ.

“ಅಕ್ಕಾ, ಇದ್ರಲ್ಲೆಲ್ಲೋ ಒಂದ್ ಅಕ್ಷರ ತಪ್ಪಿದೆ. ಬೆಳಗ್ಗೆಯಿಂದ ನೋಡಿ ನೋಡಿ ಕಣ್ಣು ಮಂಜಾಗೋಯ್ತು. ನೀವೊಂದ್ಸಲ ನೋಡಿ.”

“ನಂಗಿದು ಅರ್ಥ ಆಗಲ್ವಲ್ಲಪ್ಪ.”

“ಅರ್ಥ ಯಾಕ್ ಬೇಕು? ತಪ್ಪು ಸಿಕ್ಕಿದ್ರೆ ಸಾಕು.”

ಎರಡು ನಿಮಿಷದಲ್ಲಿ ಸಿಕ್ಕಿತು. ಒಂದು ಕಡೆ ತೆರೆದ ಉದ್ಧರಣ ಚಿಹ್ನೆಯನ್ನು ಮುಚ್ಚಿರಲಿಲ್ಲ. ಅರ್ಥ ನಿಧಾನವಾಗಿ, ಎರಡು ಮೂರು ವರ್ಷ ಹಿಡಿದು, ಆಮೇಲೆ ಬಂತು. ಯಾವುದೇ ತಂತ್ರಾಂಶ ಯಂತ್ರದೊಳಗೆ ಕೂರುವ ಮುಂಚೆ ಅದನ್ನು, ಬರೆದಿಟ್ಟ ಮೂಲ ಕಡತಗಳಿಂದ, ಕಟ್ಟಬೇಕು. ಹೇಗೆ ಕಟ್ಟಬೇಕೆಂದು ಬರೆದಿಟ್ಟ ಪುಟ್ಟ ಕಡತಕ್ಕೆ ಆ ಜನ ರೆಸಿಪಿ ಎನ್ನುತ್ತಾರೆ. ಅಡುಗೆಯದ್ದೇ ರೀತಿ: ಸಾಮಾನು ಎಲ್ಲಿಂದ ತರಬೇಕು, ಮೊದಲು ಏನು, ಆಮೇಲೆ ಏನು, ಇಳಿಸಿದ್ದನ್ನು ಎಲ್ಲಿಡಬೇಕು. ಒಂದೊಂದು ತಂತ್ರಾಂಶಕ್ಕೆ ಒಂದೊಂದು ರೆಸಿಪಿ. ಅಂಥವು ಸಾವಿರಾರು. ಬರೆದವರು ಒಬ್ಬರ ಮುಖ ಒಬ್ಬರು ನೋಡದ, ದೇಶದೇಶಗಳ ಮಂದಿ.

ಕೊನೆಗೆ ಪ್ರೆಸ್ಸೂ ಮುಚ್ಚಿತು. ರಿಪೇರಿಯವನು ಬೇರೆ ಊರಿಗೆ ಹೋದ. ಹೋಗುವಾಗ ಅವನೇ ಹಳೆಯ ಕಂಪ್ಯೂಟರೊಂದನ್ನು ಆಟೋದಲ್ಲಿ ಹಾಕಿಸಿಕೊಟ್ಟು, “ಇಟ್ಕೊಳ್ಳಿ ಅಕ್ಕ, ಇಲ್ಲಾಂದ್ರೆ ಗುಜರಿಗೆ ಹೋಗತ್ತೆ” ಎಂದ. ಮೂರು ವರ್ಷ ಅವಳು ಹಾಸಿಗೆ ಹಿಡಿದ ಅಮ್ಮನನ್ನು ನೋಡಿಕೊಂಡಳು. ಅಮ್ಮ ಹೋದ ಮೇಲೆ ಬಾಡಿಗೆ ಮನೆ ಬಿಟ್ಟು ಅಣ್ಣನ ಮನೆಯ ಮಹಡಿಯ ಕೋಣೆಗೆ ಬಂದಳು. ಆಗ ಅವಳಿಗೆ ಐವತ್ತೆರಡು.

ಕೋಣೆಗೆ ಒಂದೇ ಕಿಟಕಿ. ತೆಗೆದರೆ ಪಕ್ಕದ ಮನೆಯ ಗೋಡೆ, ಗೋಡೆಯ ಮೇಲೆ ಒಂದು ಕೊಳವೆ. ಸೂರಿನ ಮೇಲೆ ನೀರಿನ ಟ್ಯಾಂಕು ತುಂಬುವಾಗ ಕೋಣೆಯೆಲ್ಲ ಗುಡುಗುಡು. ಹೊರಗೆ ಬಟ್ಟೆ ಒಣಹಾಕುವ ತಾರಸಿ. ಅಣ್ಣ ಕೆಟ್ಟವನಲ್ಲ, ಅತ್ತಿಗೆಯೂ ಕೆಟ್ಟವಳಲ್ಲ, ಕಷ್ಟವಿದ್ದದ್ದೇ ಅಲ್ಲಿ. ಕೆಟ್ಟವರಾಗಿದ್ದರೆ ಜಗಳವಾದರೂ ಆಗುತ್ತಿತ್ತು, ಎರಡು ಮಾತು ಬರುತ್ತಿತ್ತು, ಎರಡು ಮಾತು ಹೋಗುತ್ತಿತ್ತು. ಕೆಳಗೆ ಆ ಮೂವರಿಗೆ, ಅಣ್ಣ, ಅತ್ತಿಗೆ, ಅವರ ಮಗಳಿಗೆ, ತಮ್ಮದೇ ಆದ ನಗು, ತಮ್ಮದೇ ಆದ ಅರ್ಧ ಮಾತುಗಳು ಇದ್ದವು. ಊಟದ ಹೊತ್ತಿಗೆ ಇವಳು ಇಳಿದು ಬಂದರೆ ಅರ್ಧ ಮಾತುಗಳನ್ನು ಪೂರ್ತಿ ಮಾಡಿ ಹೇಳುತ್ತಿದ್ದರು, ನೆಂಟರಿಗೆ ಹೇಳುವ ಹಾಗೆ. ಒಂದು ದಿನ ಅಣ್ಣನ ಪರಿಚಯದವರು ಯಾರೋ ಬಂದು, “ಇವರು?” ಎಂದು ಕೇಳಿದರು. “ನನ್ ತಂಗಿ. ಮೊದ್ಲು ಪ್ರೆಸ್ಸಲ್ಲಿದ್ಲು” ಎಂದ ಅಣ್ಣ. ಅಲ್ಲಿಗೆ ಅವಳ ವಿಷಯ ಮುಗಿಯಿತು.

ಹೊತ್ತು ಹೋಗಲೆಂದು ಅವಳು ರೆಸಿಪಿಗಳನ್ನು ಓದತೊಡಗಿದಳು. ಪ್ರೆಸ್ಸಿನ ವೇಳೆಯನ್ನೇ ಇಟ್ಟುಕೊಂಡಳು: ಬೆಳಗ್ಗೆ ಹತ್ತರಿಂದ ಸಂಜೆ ಐದು, ನಡುವೆ ಅರ್ಧ ಗಂಟೆ ಊಟ. ಹಾಗೆ ಓದುವಾಗ ಒಂದೇ ಸಾಲು ಮತ್ತೆ ಮತ್ತೆ ಕಣ್ಣಿಗೆ ಬೀಳುವುದನ್ನು ಕಂಡಳು. ‘ಕಟ್ಟುವ ಕೆಲಸವನ್ನು ಮೂಲ ಕಡತಗಳ ಜೊತೆ ಕಲಸಬೇಡ, ಬೇರೆ ಜಾಗದಲ್ಲಿ ಮಾಡು’ ಎಂದು ಹೇಳುವ ಸಾಲು. ಹತ್ತು ಹನ್ನೆರಡು ವರ್ಷದ ಹಿಂದೆ ಅದನ್ನು ಪ್ರತಿ ರೆಸಿಪಿಯಲ್ಲೂ ಬರೆಯಲೇಬೇಕಿತ್ತು. ಆಮೇಲೆ ಕಟ್ಟುವ ಸಲಕರಣೆಯೇ ಜಾಣತನ ಬೆಳೆಸಿಕೊಂಡು, ಯಾರೂ ಹೇಳದೆಯೇ ಬೇರೆ ಜಾಗದಲ್ಲಿ ಕಟ್ಟಲು ಕಲಿಯಿತು. ಸಾಲುಗಳು ಮಾತ್ರ ಹಾಗೇ ಉಳಿದವು. ಹೊಸಬರು ಹಳೆಯ ರೆಸಿಪಿ ನೋಡಿ ನಕಲು ಮಾಡುತ್ತ, ಏಕೆಂದು ತಿಳಿಯದೆ ಅದನ್ನೂ ಬರೆಯುತ್ತ ಹೋದರು. ಎಣಿಸಿದಳು. ಎರಡು ಸಾವಿರದ ನೂರ ನಲವತ್ತಮೂರು ಕಡೆ ಇತ್ತು. ಎಲ್ಲವನ್ನೂ ತೆಗೆಯಬೇಕೆಂದು ತೀರ್ಮಾನಿಸಿದಳು.

“ಅದೇನಮ್ಮಾ ದಿನವಿಡೀ ಟಕಟಕ ಅಂತ?” ಬಟ್ಟೆ ಒಣಹಾಕಲು ಬಂದ ಅತ್ತಿಗೆ ಬಾಗಿಲಲ್ಲಿ ನಿಂತು ಕೇಳಿದಳು.

“ಬೇಡದ ಸಾಲು ತೆಗೀತಿದೀನಿ ಅತ್ತಿಗೆ.”

“ತೆಗೆದ್ರೆ ಏನಾಗತ್ತೆ?”

“ಏನೂ ಆಗಲ್ಲ. ಏನೂ ಆಗ್ಬಾರ್ದು. ಅದೇ ಕೆಲಸ.”

ಅತ್ತಿಗೆ ಸ್ವಲ್ಪ ಯೋಚಿಸಿ ನಕ್ಕಳು. “ಹಾಗಾದ್ರೆ ನಾನು ಇಪ್ಪತ್ತೈದು ವರ್ಷದಿಂದ ಮಾಡ್ತಿರೋದೂ ಅದೇ ಬಿಡು. ಮನೆ ಗುಡಿಸಿದ್ರೆ ಯಾರಿಗ್ ಕಾಣತ್ತೆ? ಗುಡಿಸ್ದೆ ಇದ್ರೆ ಕಾಣತ್ತೆ.”

ಆ ಮಾತನ್ನು ಇನ್ನಷ್ಟು ಬೆಳೆಸಬೇಕೆಂದು ಸೊನ್ನೆಯಕ್ಕನಿಗೆ ಆಸೆಯಾಯಿತು. ಅಷ್ಟರಲ್ಲಿ ಕೆಳಗೆ ಕುಕ್ಕರ್ ಕೂಗಿತು.

ಸಾಲು ತೆಗೆಯುವುದು ಹೇಳಿದಷ್ಟು ಸಲೀಸಲ್ಲ. ಮೊದಲು ಸಾಲಿದ್ದ ಹಾಗೆಯೇ ಕಟ್ಟಬೇಕು, ಆಮೇಲೆ ತೆಗೆದು ಕಟ್ಟಬೇಕು, ಎರಡನ್ನೂ ಪಕ್ಕಪಕ್ಕ ಇಟ್ಟು ಒಂದು ಚುಕ್ಕೆಯಷ್ಟೂ ವ್ಯತ್ಯಾಸವಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಆ ಹಳೆಯ ಕಂಪ್ಯೂಟರಿಗೆ ಕೆಲವು ರೆಸಿಪಿ ಕಟ್ಟಲು ಎರಡು ಗಂಟೆ ಬೇಕಿತ್ತು. ಅಷ್ಟು ಹೊತ್ತು ಅವಳು ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು, ಇಲ್ಲವೇ ಮೆಟ್ಟಿಲ ಮೇಲೆ ಕೂತು ಕೆಳಗಿನ ಟೀವಿಯ ಸದ್ದು ಕೇಳುತ್ತಿದ್ದಳು. ಖಾತ್ರಿಯಾದ ಮೇಲೆ ತಿದ್ದುಪಡಿಯನ್ನು, ಒಬ್ಬರು ಬರೆದ ಇ-ಮೇಲ್ ಎಲ್ಲರಿಗೂ ಹೋಗುವ ಅಂಚೆಪಟ್ಟಿಗೆ ಕಳಿಸುವುದು. ಅಲ್ಲಿ ಆ ಇಡೀ ರೆಸಿಪಿ ಸಂಗ್ರಹದ ಉಸ್ತುವಾರಿಯವನು ನೋಡಿ, ಒಪ್ಪಿದರೆ ‘ಸೇರಿಸಿದೆ’ ಎಂದು ಬರೆಯುತ್ತಿದ್ದ. ಅಷ್ಟೇ. ಆತ ಯಾವ ದೇಶದವನೋ, ಎಷ್ಟು ವಯಸ್ಸೋ ತಿಳಿಯದು. ಬೆಳಗ್ಗೆ ಕಂಪ್ಯೂಟರ್ ಹಚ್ಚಿದ ಕೂಡಲೇ ಆ ಒಂದು ಪದ ಕಾಯುತ್ತಿರುತ್ತಿತ್ತು. ದಿನಕ್ಕೆ ಐದು, ಆರು, ಕೆಲವೊಮ್ಮೆ ಹತ್ತು ‘ಸೇರಿಸಿದೆ’. ಒಮ್ಮೆ ಮಾತ್ರ ‘ಸೇರಿಸಿದೆ, ಧನ್ಯವಾದ’ ಎಂದು ಬಂತು. ಆ ಹೆಚ್ಚಿನ ಪದವನ್ನು ಅವಳು ಬಹಳ ಹೊತ್ತು ನೋಡಿದಳು.

ನಡುವೆ ಅವಳಿಗೆ ಜ್ವರ ಬಂದು ಹನ್ನೊಂದು ದಿನ ಮಲಗಿದಳು. ಅತ್ತಿಗೆ ಗಂಜಿ ತಂದುಕೊಟ್ಟಳು, ಅಣ್ಣ ಮಾತ್ರೆ ತಂದ. ಎದ್ದು ಕಂಪ್ಯೂಟರ್ ಹಚ್ಚಿದಾಗ, ಎಲ್ಲಿ ಹೋದಿರಿ ಎಂದು ಯಾರಾದರೂ ಕೇಳಿರಬಹುದೇನೋ ಎಂದು ಪಟ್ಟಿಯನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಯಾರೂ ಕೇಳಿರಲಿಲ್ಲ. ಕೇಳಲು ಅವರಿಗೇನು ಗೊತ್ತು ಎಂದು ತನಗೆ ತಾನೇ ಹೇಳಿಕೊಂಡು ಕೆಲಸಕ್ಕೆ ಕೂತಳು.

ಒಂಬತ್ತನೆಯ ತಿಂಗಳಲ್ಲಿ, ಸಾವಿರದ ಮುನ್ನೂರು ಸಾಲು ತೆಗೆದಾದ ಮೇಲೆ, ಪಟ್ಟಿಗೆ ಒಂದು ಪತ್ರ ಬಂತು. ಬಹಳ ದೂರದ ಒಂದು ದೇಶದಲ್ಲಿ, ಕಣ್ಣು ಕಾಣದ ಮಕ್ಕಳ ಶಾಲೆಯಲ್ಲಿ ಪಾಠ ಹೇಳುವ ಮೇಷ್ಟ್ರು ಬರೆದದ್ದು. ‘ನಮ್ಮ ಬ್ರೈಲ್ ಮುದ್ರಣ ಯಂತ್ರ ಮೂರು ದಿನದಿಂದ ತಪ್ಪು ಚುಕ್ಕೆಗಳನ್ನು ಒತ್ತುತ್ತಿದೆ. ಅದರ ತಂತ್ರಾಂಶದ ರೆಸಿಪಿಯನ್ನು ಹನ್ನೊಂದು ವರ್ಷದ ಹಿಂದೆ ಬರೆದವನು ನಾನೇ. ಅದರಲ್ಲಿ ಒಂದು ಸಾಲು ಕಾಣೆಯಾಗಿದೆ. ಮಕ್ಕಳಿಗೆ ಸೋಮವಾರ ಪರೀಕ್ಷೆ. ಇದನ್ನು ಯಾರು ತೆಗೆದರು, ಏಕೆ ತೆಗೆದರು?’

ಯಾರು ತೆಗೆದರೆಂದು ದಾಖಲೆಯಲ್ಲೇ ಇತ್ತು. ಊಟಕ್ಕೆ ಕರೆದರೆ ಹಸಿವಿಲ್ಲ ಎಂದಳು. ಹುಡುಕಿ ನೋಡಿದಾಗ ಕಾರಣ ಸಿಕ್ಕಿತು. ಸಲಕರಣೆ ತಾನಾಗಿ ಬೇರೆ ಜಾಗದಲ್ಲಿ ಕಟ್ಟುವುದು ನಿಜ. ಆದರೆ ಒಂದು ಬಗೆಯ ಬಹಳ ಹಳೆಯ ಯಂತ್ರಗಳಿಗೆ ಮಾತ್ರ, ಅವುಗಳಲ್ಲಿ ಜಾಗ ಕಡಿಮೆ ಎಂದು, ಯಾರೋ ಆ ಗುಣವನ್ನು ನಂದಿಸಿಟ್ಟಿದ್ದರು. ಮೇಷ್ಟ್ರ ಸಾಲು ಅದನ್ನು ಮತ್ತೆ ಹೊತ್ತಿಸುತ್ತಿತ್ತು. ಸಾಲು ಹೋದ ಮೇಲೆ ಎಲ್ಲ ಒಂದೇ ಜಾಗದಲ್ಲಿ ಕಲಸಿಹೋಗಿ, ಯಾವ ಅಕ್ಷರಕ್ಕೆ ಯಾವ ಚುಕ್ಕೆ ಎಂಬ ಹೊಸ ಕೋಷ್ಟಕದ ಬದಲು ಹಳೆಯದು ಒಳಗೆ ಸೇರಿಕೊಂಡಿತ್ತು. ಅವಳು ಹೋಲಿಸಿ ನೋಡಿದ್ದು ಹೊಸ ಯಂತ್ರಗಳ ಲೆಕ್ಕದಲ್ಲಿ. ಹಳೆಯ ಯಂತ್ರವನ್ನು ಯಾರಾದರೂ ಇನ್ನೂ ಇಟ್ಟುಕೊಂಡಿರಬಹುದು ಎಂಬುದು ಅವಳಿಗೆ ಹೊಳೆದಿರಲಿಲ್ಲ, ಗುಜರಿಗೆ ಹೋಗಬೇಕಿದ್ದ ಕಂಪ್ಯೂಟರಿನ ಮುಂದೆಯೇ ತಾನು ಕೂತಿದ್ದರೂ.

‘ತೆಗೆದದ್ದು ನಾನು. ತಪ್ಪು ನನ್ನದು’ ಎಂದು ಬರೆದಳು. ಬೇರೆ ಯಾವ ಸಬೂಬನ್ನೂ ಹೇಳಲಿಲ್ಲ.

ಮೇಷ್ಟ್ರ ಉತ್ತರ ಅರ್ಧ ಗಂಟೆಯಲ್ಲಿ ಬಂತು. ‘ತಪ್ಪಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ತಾನೇ ಮಾಡಿದ್ದು ಎಂದು ಮೊದಲ ಸಾಲಿನಲ್ಲೇ ಹೇಳುವವರು ಅಪರೂಪ. ಬನ್ನಿ, ಸರಿ ಮಾಡೋಣ.’

ಸಾಲನ್ನು ವಾಪಸು ಹಾಕಿದರೂ ಎರಡು ಮೂರು ಅಕ್ಷರ ಸರಿಹೋಗಲಿಲ್ಲ. ಹಳೆಯ ಕೋಷ್ಟಕ ಇನ್ನೂ ಎಲ್ಲೋ ಅವಿತಿತ್ತು. ಮೂರು ದಿನ ಇಬ್ಬರೂ ಕೂತರು. ಅವಳ ಮಧ್ಯಾಹ್ನ ಎಂದರೆ ಮೇಷ್ಟ್ರಿಗೆ ಬೆಳಗ್ಗೆ. ಅವರು ಒಂದು ಹಾಳೆ ಒತ್ತಿಸಿ, ಬೆರಳಿನಿಂದ ಓದಿ, ‘ನಾಲ್ಕನೆಯ ಸಾಲು, ಏಳನೆಯ ಅಕ್ಷರ, ಒಂದು ಚುಕ್ಕೆ ಹೆಚ್ಚು’ ಎಂದು ಬರೆಯುವುದು. ಅವಳು ಕೋಷ್ಟಕದಲ್ಲಿ ಅದನ್ನು ಹುಡುಕುವುದು. ಮೇಷ್ಟ್ರಿಗೂ ಕಣ್ಣು ಕಾಣದು ಎಂದು ಅವಳಿಗೆ ತಿಳಿದದ್ದು ಎರಡನೆಯ ದಿನ. ‘ನಿಮ್ಮ ಪತ್ರಗಳು ಚುಕ್ಕೆಗಳಾಗಿ ನನ್ನ ಬೆರಳ ಕೆಳಗೆ ಬರುತ್ತವೆ. ನೀವು ಗುರುತುಗಳನ್ನು ಸರಿಯಾಗಿ ಹಾಕುತ್ತೀರಿ. ಎಲ್ಲಿ ನಿಲ್ಲಬೇಕೆಂದು ಬೆರಳಿಗೆ ತಿಳಿಯುತ್ತದೆ’ ಎಂದು ಬರೆದಿದ್ದರು. ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. ಕರಡಿನ ಕೋಣೆಯ ಇಪ್ಪತ್ತಾರು ವರ್ಷದಲ್ಲಿ ಅವಳ ಅಲ್ಪವಿರಾಮಗಳ ಬಗ್ಗೆ ಯಾರೂ ಒಂದು ಮಾತು ಆಡಿರಲಿಲ್ಲ.

ಇನ್ನೊಂದು ಪತ್ರದಲ್ಲಿ ಕೇಳಿದರು: ‘ಆ ಕಡತವನ್ನು ಹನ್ನೊಂದು ವರ್ಷ ಯಾರೂ ಮುಟ್ಟಿಲ್ಲ. ಮೊದಲ ದಿನ ನನಗೆ ಕೋಪ ಬಂತು. ಆಮೇಲೆ, ಪರವಾಗಿಲ್ಲ, ಯಾರೋ ಒಬ್ಬರು ತೆರೆದು ಓದಿದರಲ್ಲ ಅನ್ನಿಸಿತು. ನಿಮಗೆ ಇದನ್ನೆಲ್ಲ ಓದುವ ಗೀಳು ಹೇಗೆ ಹತ್ತಿತು?’

ಅವಳು ದಡ ಮತ್ತು ದಂಡದ ಕತೆ ಬರೆದಳು. ಒಂದು ಚುಕ್ಕೆಯ ವ್ಯತ್ಯಾಸವನ್ನು ಬೇರೆ ಭಾಷೆಯಲ್ಲಿ ವಿವರಿಸಲು ಒಂದು ಗಂಟೆ ಹಿಡಿಯಿತು. ಮೇಷ್ಟ್ರು ಬಹಳ ನಕ್ಕರಂತೆ. ಪಕ್ಕದ ತರಗತಿಯವರು ಬಂದು ಏನಾಯಿತೆಂದು ಕೇಳಿದರಂತೆ.

ಸೋಮವಾರ ಮಧ್ಯಾಹ್ನ ಕೊನೆಯ ಪತ್ರ ಬಂತು. ‘ಹಾಳೆಗಳು ಸರಿಯಾಗಿ ಬಂದವು. ಮಕ್ಕಳು ಪರೀಕ್ಷೆ ಬರೆಯುತ್ತಿದ್ದಾರೆ. ಕೋಣೆಯಲ್ಲಿ ಬೆರಳು ಸರಿಯುವ ಸದ್ದು ಬಿಟ್ಟರೆ ಬೇರೇನಿಲ್ಲ.’

‘ಸಂತೋಷ’ ಎಂದು ಉತ್ತರಿಸಿದಳು. ಮರುದಿನ ಕಂಪ್ಯೂಟರ್ ಹಚ್ಚಿದಾಗ ಅಲ್ಲಿ ಆರು ‘ಸೇರಿಸಿದೆ’ಗಳಿದ್ದವು, ಮೇಷ್ಟ್ರ ಪತ್ರ ಇರಲಿಲ್ಲ. ಇರಲು ಕಾರಣವೂ ಇರಲಿಲ್ಲ. ಆ ವಾರವೆಲ್ಲ ಅವಳು ಮೂರು ಸಲ ಪತ್ರ ಬರೆದಳು. ನೀವು ಯಾವ ವಿಷಯ ಕಲಿಸುತ್ತೀರಿ, ಪರೀಕ್ಷೆಯಲ್ಲಿ ಮಕ್ಕಳು ಹೇಗೆ ಮಾಡಿದರು, ನಿಮ್ಮ ಕಡೆ ಈಗ ಚಳಿಯೇ, ಸೆಖೆಯೇ. ಮೂರು ಸಲವೂ ಕಳಿಸದೆ ಅಳಿಸಿದಳು. ಕೆಲಸವಿಲ್ಲದೆ ಕೆಲಸದವರನ್ನು ಮಾತಾಡಿಸುವುದು ಅವಳಿಗೆ ಎಂದೂ ಬಂದಿರಲಿಲ್ಲ.

ಬದಲಿಗೆ, ಆಗಲೇ ತೆಗೆದಿದ್ದ ಸಾವಿರದ ಮುನ್ನೂರನ್ನೂ ಮೊದಲಿಂದ ಹಿಡಿದಳು. ಆ ಹಳೆಯ ಬಗೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶ ಹಾಕಿಕೊಂಡು, ಒಂದೊಂದನ್ನೂ ಅದರಲ್ಲಿ ಕಟ್ಟಿ ನೋಡಿದಳು. ಕಂಪ್ಯೂಟರ್ ಬಸವಳಿದು ಬಿಸಿಯಾಗುತ್ತಿತ್ತು. ಪಕ್ಕದಲ್ಲಿ ಟೇಬಲ್ ಫ್ಯಾನ್ ಇಟ್ಟಳು. ಇನ್ನೂ ಹದಿನಾರು ಕಡೆ ಅದೇ ತಪ್ಪು ಆಗಿತ್ತು. ಯಾರೂ ದೂರಿರಲಿಲ್ಲ. ಹದಿನಾರರಲ್ಲೂ ಸಾಲನ್ನು ವಾಪಸು ಹಾಕಿ, ಅದರ ತಲೆಯ ಮೇಲೆ ಒಂದು ಟಿಪ್ಪಣಿ ಬರೆದಳು: ‘ಇದು ಬೇಡವೆಂದು ಕಾಣುತ್ತದೆ. ಬೇಕು. ಹಳೆಯ ಯಂತ್ರದಲ್ಲಿ ಕಟ್ಟಿ ನೋಡದೆ ತೆಗೆಯಬೇಡಿ.’ ಉಸ್ತುವಾರಿಯವನು ಅಂದು ಬರೆದದ್ದು ಆತನ ಪತ್ರಗಳಲ್ಲೆಲ್ಲ ಅತಿ ಉದ್ದನೆಯದು: ‘ಇದನ್ನು ಮಾಡಿ ಎಂದು ಯಾರೂ ಕೇಳಿರಲಿಲ್ಲ. ಸೇರಿಸಿದೆ.’

ಹದಿನೇಳು ತಿಂಗಳಿಗೆ ಎಲ್ಲವೂ ಮುಗಿಯಿತು. ಹೊಸ ಆವೃತ್ತಿ ಬಿಡುಗಡೆಯಾದಾಗ, ದುಡಿದವರ ಹೆಸರುಗಳ ಪಟ್ಟಿ ಅದರ ಕೊನೆಯಲ್ಲಿತ್ತು; ಸಣ್ಣ ಅಕ್ಷರದಲ್ಲಿ ಮುನ್ನೂರು ಚಿಲ್ಲರೆ ಹೆಸರು. ಅವಳು ಅದನ್ನು ಫೋನಿಗೆ ಹಾಕಿಕೊಂಡು ಕೆಳಗಿಳಿದು ಅಣ್ಣನ ಮುಂದೆ ಹಿಡಿದಳು.

“ಅಣ್ಣ, ಇದ್ರಲ್ಲಿ ನನ್ ಹೆಸರಿದೆ.”

ಅಣ್ಣ ಟೀವಿಯ ಸದ್ದು ತಗ್ಗಿಸಿ, ಕನ್ನಡಕ ಹಾಕಿಕೊಂಡು, ಒಂದೊಂದೇ ಹೆಸರನ್ನು ಬೆರಳಿಟ್ಟು ಓದುತ್ತ ಹೋದ. ಪೂರ್ತಿ ಓದಿದ. “ಎಲ್ಲಿದೆ ಪುಟ್ಟಿ? ಕಾಣಲ್ವಲ್ಲ.”

“ನೋಡು, ಇಲ್ಲಿ.”

“ಇದಾ? ಇದು ನೀನಲ್ಲ. ಅಕ್ಷರ ಬೇರೆ ಇದೆ.”

ಅವಳು ನೋಡಿದಳು. ಹೌದು, ಒಂದು ಅಕ್ಷರ ತಪ್ಪಿತ್ತು. ಸಂತೋಷದಲ್ಲಿ ಅವಳ ಕಣ್ಣಿಗೇ ಬಿದ್ದಿರಲಿಲ್ಲ. ಅಣ್ಣನಿಗೆ ನಗು ತಡೆಯಲಾಗಲಿಲ್ಲ, ಅವಳಿಗೂ ಬಂತು. “ಊರೋರ್ ತಪ್ಪೆಲ್ಲ ತಿದ್ದೋಳ ಹೆಸರೇ ತಪ್ಪಾಯ್ತಲ್ಲೇ” ಎಂದು ಅವನು ಅತ್ತಿಗೆಯನ್ನೂ ಮಗಳನ್ನೂ ಕೂಗಿ ಕರೆದು ತೋರಿಸಿದ. ಐದು ನಿಮಿಷ ಆ ಮನೆಯ ನಗುವಿನೊಳಗೆ ಅವಳೂ ಇದ್ದಳು. ಆಮೇಲೆ ಜಾಹೀರಾತು ಮುಗಿದು ಧಾರಾವಾಹಿ ಶುರುವಾಯಿತು. ಹೆಸರನ್ನು ತಿದ್ದಿ ಎಂದು ಅವಳು ಅಂಚೆಪಟ್ಟಿಗೆ ಬರೆಯಲಿಲ್ಲ. ತನ್ನದೆಂದು ಕೇಳಿಕೊಳ್ಳಲು ಸಂಕೋಚವಾಯಿತು.

ಅದಾಗಿ ನಾಲ್ಕು ತಿಂಗಳಿಗೆ ಬೇರೆ ಯಾರೋ ಕಳಿಸಿದ ತಿದ್ದುಪಡಿಗಳನ್ನು ಓದುತ್ತಿದ್ದಾಗ ಒಂದರ ಮೇಲೆ ಕಣ್ಣು ನಿಂತಿತು. ಬ್ರೈಲ್ ರೆಸಿಪಿ. ತೆಗೆದದ್ದು ಒಂದೇ ಸಾಲು, ಅದನ್ನು ನೋಡಿಕೊಳ್ಳುವವರೆಂದು ಮೇಷ್ಟ್ರ ಹೆಸರಿದ್ದ ಸಾಲು. ಕೆಳಗೆ ಕಾರಣ: ‘ಈ ವಿಳಾಸಕ್ಕೆ ಪತ್ರ ತಲುಪುತ್ತಿಲ್ಲ.’

ಅವಳು ಕೂಡಲೇ ಉಸ್ತುವಾರಿಯವನಿಗೆ ಬರೆದಳು: ಮೇಷ್ಟ್ರಿಗೆ ಏನಾಯಿತು? ಆತ ಉತ್ತರಿಸಿದ: ‘ಪತ್ರಗಳು ವಾಪಸು ಬರುತ್ತಿವೆ. ಇದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ. ಕ್ಷಮಿಸಿ.’ ಶಾಲೆಯ ವಿಳಾಸ ಹುಡುಕಿ ಅಲ್ಲಿಗೆ ಬರೆದಳು. ಆ ಪತ್ರ ವಾಪಸು ಬರಲಿಲ್ಲ, ಉತ್ತರವೂ ಬರಲಿಲ್ಲ. ನಿವೃತ್ತರಾದರೋ, ಕಾಯಿಲೆಯೋ, ಶಾಲೆಯೇ ಮುಚ್ಚಿತೋ, ಇಲ್ಲ ಬಾಯಲ್ಲಿ ಹೇಳಬಾರದ್ದೋ. ಅಳಿಸಿಹಾಕಿದ ಆ ಮೂರು ಪತ್ರಗಳು ಪದಪದವಾಗಿ ನೆನಪಿಗೆ ಬಂದವು. ಕಳಿಸಿದ್ದರೆ ಏನು ಗಂಟು ಹೋಗುತ್ತಿತ್ತು? ಎರಡು ದಿನ ಅವಳು ಕಂಪ್ಯೂಟರ್ ಹಚ್ಚಲಿಲ್ಲ. ಕೆಳಗೆ, ತಲೆನೋವು ಎಂದಳು.

ಮೂರನೆಯ ದಿನ ಹತ್ತು ಗಂಟೆಗೆ ಕೂತು, ಖಾಲಿಯಾಗಿದ್ದ ಆ ಜಾಗದಲ್ಲಿ ತನ್ನ ಹೆಸರು ಬರೆದು ಕಳಿಸಿದಳು. ಇನ್ನು ಮುಂದೆ ಈ ರೆಸಿಪಿಯನ್ನು ನೋಡಿಕೊಳ್ಳುವವಳು ನಾನು. ಅಕ್ಷರ ಅಕ್ಷರವನ್ನೂ ಎರಡೆರಡು ಸಲ ನೋಡಿದಳು. ‘ಸೇರಿಸಿದೆ’ ಎಂದು ಬಂತು.

ಈಗ ತಿಂಗಳಿಗೊಂದು ಮಧ್ಯಾಹ್ನ ಅವಳು ಅದನ್ನು ಹಳೆಯ ಯಂತ್ರದ ಲೆಕ್ಕದಲ್ಲಿ ಕಟ್ಟುತ್ತಾಳೆ. ಬ್ರೈಲ್ ಮುದ್ರಣ ಯಂತ್ರವನ್ನು ಅವಳು ಕಣ್ಣಿನಲ್ಲಿ ಕಂಡಿಲ್ಲ. ಕೋಷ್ಟಕವನ್ನು ಮಾತ್ರ ಬಾಯಿಪಾಠ ಮಾಡಿಕೊಂಡಿದ್ದಾಳೆ. ಹೊಸ ಕೋಷ್ಟಕವೇ ಒಳಗೆ ಹೋಗುತ್ತಿದೆಯೇ ಎಂದು, ಕಟ್ಟುವುದು ನಡೆದಿರುವಾಗಲೇ, ಒಂದೊಂದು ಅಕ್ಷರವನ್ನೂ, ಅದರ ಆರು ಚುಕ್ಕೆಗಳನ್ನೂ ಗಟ್ಟಿಯಾಗಿ ಓದಿ ನೋಡುತ್ತಾಳೆ.

ಮೊನ್ನೆ ಹಾಗೆ ಓದುತ್ತಿದ್ದಾಗ ಅತ್ತಿಗೆ ಒಣಗಿದ ಬಟ್ಟೆಗಳನ್ನು ಹೆಗಲ ಮೇಲೆ ಹಾಕಿಕೊಂಡು ಬಾಗಿಲಿಗೆ ಬಂದಳು.

“ಯಾರ್ ಜೊತೆ ಮಾತಾಡ್ತಿದ್ಯಮ್ಮ?”

“ಯಾರೂ ಇಲ್ಲ ಅತ್ತಿಗೆ. ಆ ಕಣ್ಣು ಕಾಣದ ಮಕ್ಕಳ ಶಾಲೇದು ನೋಡ್ತಿದ್ದೆ.”

“ಶಾಲೆ ಇದ್ಯೋ ಇಲ್ವೋ ಗೊತ್ತಿಲ್ಲ ಅಂದಿದ್ಯಲ್ಲ?”

“ಗೊತ್ತಿಲ್ಲ.”

“ಮತ್ತೆ ಯಾರಿಗೋಸ್ಕರ?”

ಸೊನ್ನೆಯಕ್ಕ ತಾನು ಓದಿ ನಿಲ್ಲಿಸಿದ್ದ ಅಕ್ಷರದ ಮೇಲೆ ಬೆರಳಿಟ್ಟುಕೊಂಡಳು. “ಇದ್ರೆ ಬೇಕಾಗತ್ತಲ್ಲ ಅತ್ತಿಗೆ” ಎಂದಳು.

ಅತ್ತಿಗೆ ಬಟ್ಟೆಗಳಲ್ಲಿ ಸೊನ್ನೆಯಕ್ಕನವನ್ನು ಆರಿಸಿ, ಮಡಿಸಿ, ಮಂಚದ ತುದಿಯಲ್ಲಿಟ್ಟು ಕೆಳಗಿಳಿದು ಹೋದಳು. ಕಟ್ಟುವುದು ಮುಗಿಯಲು ಇನ್ನೂ ನಲವತ್ತು ನಿಮಿಷವಿತ್ತು.